ಏನೂ ಹಚ್ಚದ ಬಟ್ಟಲು

ನಮ್ಮ ಬೀದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ. ಯಾರು ಏನೇ ಹೇಳಿದರೂ ಮೊದಲು ‘ಹಾಗಲ್ಲಪ್ಪ’ ಎಂದು ಶುರುಮಾಡಿ, ಆಮೇಲೆ ಅವರು ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಾನೆ. ನೀರು ಸರಬರಾಜು ಕಚೇರಿಯಲ್ಲಿ ಅವನಿಗೆ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ, ಆದರೆ ಬೀದಿಯವರಿಗೆ ಅವನು ಹಾಗಲ್ಲಪ್ಪ. ಮೊದಲ ಸಲ ಯಾರೋ ಹಾಗೆ ಕರೆದಾಗ ಅವನು ತಿದ್ದಲು ಹೋಗಿ ‘ಹಾಗಲ್ಲಪ್ಪ’ ಎಂದೇ ಬಾಯಿ ತೆರೆದನಂತೆ. ಹೆಸರು ಗಟ್ಟಿಯಾಗಲು ಅಷ್ಟು ಸಾಕಾಯಿತು.

ಅವನ ಮನೆಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಮಷಿನ್ನಿನ ಮುಂದೆ ಕೂತರೆ ಇಡೀ ಬೀದಿ ಕಾಣುತ್ತದೆ. ಕಣ್ಣಿಗೆ ಬಿದ್ದದ್ದನ್ನು ನೋಡದೆ ಬಿಡುವುದು ನನ್ನ ಜಾಯಮಾನವಲ್ಲ. ಆದ್ದರಿಂದ ಈ ಪ್ರಕರಣದಲ್ಲಿ ನನ್ನ ಸಾಕ್ಷಿಯನ್ನು ಧಾರಾಳವಾಗಿ ನಂಬಬಹುದು.

ಹಾಗಲ್ಲಪ್ಪನ ಹೆಂಡತಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದವಳು. ಅಲ್ಲಿ ವಾರ್ಡನ್ ಎಂಬಾತ ದಿನವೂ ಬಂದು, ಒಂದೇ ಚಮಚವನ್ನು ಎಲ್ಲ ಪಾತ್ರೆಗಳಿಗೂ ಅದ್ದಿ, ಯಾವುದರಲ್ಲೂ ಉಪ್ಪಿಲ್ಲ ಎಂದು ಹೇಳಿ ಹೋಗುತ್ತಿದ್ದನಂತೆ. ಒಂದು ದಿನ ಆಕೆ ಉಪ್ಪಿನ ಡಬ್ಬವನ್ನೇ ಅವನ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟಳು. ಮನೆಯ ಮುಂದಿನ ಕೋಣೆಗೆ ಸುಣ್ಣ ಬಳಿಸಿ, ನಾಲ್ಕು ಮೇಜು ಹಾಕಿಸಿ, ಸೂಪಿನ ಅಂಗಡಿ ತೆರೆಯುವುದೆಂದು ತೀರ್ಮಾನವಾಯಿತು. ಕುಂಬಳಕಾಯಿಯದೊಂದು, ಬಟಾಣಿಯದೊಂದು, ಜೊತೆಗೆ ಬ್ರೆಡ್ಡು. ಇದೂ ನಡೆಯದಿದ್ದರೆ ಮತ್ತೆ ಆ ವಾರ್ಡನ್ನನ ಚಮಚದ ಕೆಳಗೇ ನಿಲ್ಲಬೇಕು ಎಂದು ಆಕೆ ನನ್ನ ಅಂಗಡಿಯಲ್ಲಿ ಪರದೆ ಹೊಲಿಸುವಾಗ ಹೇಳಿದ್ದಳು. ನಗುತ್ತ ಹೇಳಿದರೂ ಕಣ್ಣಲ್ಲಿ ನಗು ಇರಲಿಲ್ಲ.

ಇತ್ತ ಹಾಗಲ್ಲಪ್ಪನಿಗೆ ಅದೇ ಹೊತ್ತಿಗೆ ಬೇರೆ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ಯಾರೋ ಮರದ ಬಟ್ಟಲು ಕಡೆಯುವುದನ್ನು ನೋಡಿ, ಎಲ್ಲಿಂದಲೋ ಒಂದು ಹಳೆಯ ಲೇತ್ ಯಂತ್ರ ತಂದು ಹಿತ್ತಲಿನ ಶೆಡ್ಡಿನಲ್ಲಿ ಕೂರಿಸಿದ್ದ. ಮೊದಮೊದಲು ಬಟ್ಟಲಾಗಬೇಕೆಂದು ಹೊರಟ ಮರ ಕಡೆದು ಕಡೆದು ಮುಚ್ಚಳವಾಗುತ್ತಿತ್ತು. ಮುಚ್ಚಳ ಇನ್ನೂ ಸಣ್ಣದಾಗಿ ಕೋಟಿನ ಗುಂಡಿಯಾಗಿ ನನ್ನ ಅಂಗಡಿಗೆ ಬರುತ್ತಿತ್ತು. ನಾನು ಒಂದು ಡಜನ್ ಗುಂಡಿ ಸ್ವೀಕರಿಸಿದ ಮೇಲೆ ಅವನ ಕೈ ಕುದುರಿತು. ಬಟ್ಟಲುಗಳು ಬಟ್ಟಲುಗಳಾಗಿಯೇ ಉಳಿಯತೊಡಗಿದವು. ಉಪ್ಪುಕಾಗದದಿಂದ ಅವನ್ನು ಎಷ್ಟು ಉಜ್ಜುತ್ತಿದ್ದನೆಂದರೆ ಮರ ತಾನಾಗಿ ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿದ್ದವು. ಸೂಪನ್ನು ಇದರಲ್ಲೇ ಕೊಡಬೇಕೆಂದು ಅವನು ಹಟ ಹಿಡಿದ, ಹೆಂಡತಿ ಒಪ್ಪಿದಳು. ಅಂಗಡಿ ತೆರೆದ ವಾರದೊಳಗೆ ಬೀದಿ ಆಕೆಗೆ ಸೂಪಕ್ಕ ಎಂದು ಹೆಸರಿಟ್ಟಿತು.

ಗಂಡಾಂತರ ಶುರುವಾದದ್ದು ಅಂಗಡಿ ತೆರೆದ ಬೆಳಿಗ್ಗೆಯೇ, ಷಡ್ಡಕನ ಮೂಲಕ.

ಷಡ್ಡಕ ಎಂದರೆ ಸೂಪಕ್ಕನ ಅಕ್ಕನ ಗಂಡ. ಪೇಂಟ್ ಅಂಗಡಿಯ ಮಾಲೀಕ. ಯಾರ ಮನೆಗೆ ಹೋದರೂ ಮನೆಯವರನ್ನು ನೋಡುವ ಮೊದಲು ಗೋಡೆ ನೋಡುವವನು. ಆವತ್ತೂ ಗೋಡೆ ನೋಡಿ, ಬಾಗಿಲು ನೋಡಿ, ಮುಂದಿಟ್ಟ ಬಟ್ಟಲನ್ನು ಕೈಗೆತ್ತಿಕೊಂಡ. ಸೂಪು ಇನ್ನೂ ಹಾಕಿರಲಿಲ್ಲ, ಪುಣ್ಯ. ಮಗುಚಿ ತಳ ನೋಡಿದ, ಉಗುರಿನಿಂದ ಕೆರೆದ, ಮೂಗಿಗೆ ಹಿಡಿದ.

“ಏನ್ ಹಚ್ಚಿದೀಯ ಕಣಯ್ಯಾ ಇದಕ್ಕೆ?”

ಹಾಗಲ್ಲಪ್ಪ ಬೆಬ್ಬೆಬ್ಬೆ ಎಂದ. ಮರದ ಬಟ್ಟಲಿಗೆ ಏನಾದರೂ ಹಚ್ಚಿ ಅದರ ರಂಧ್ರಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ಹಾಕಿದ್ದನ್ನೆಲ್ಲ ಮರ ಕುಡಿಯುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಫೋನಿನ ಆ ಪಾಠದಲ್ಲಿ ಹಚ್ಚುವ ಭಾಗ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಇವನಿಗೆ ನಿದ್ದೆ ಬಂದಿರುತ್ತಿತ್ತು. ಆದರೆ ಷಡ್ಡಕನ ಮುಂದೆ, ಅದೂ ಹೆಂಡತಿ ಪಕ್ಕದಲ್ಲಿ ನಿಂತಿರುವಾಗ, ಗೊತ್ತಿಲ್ಲ ಎನ್ನಲು ಬಾಯಿ ಬರುತ್ತದೆಯೇ?

“ಹಾಗಲ್ಲ ಭಾವ. ಅದನ್ನ ಹೇಳೋ ಹಾಗಿಲ್ಲ,” ಎಂದ.

“ಯಾಕೆ ಹೇಳೋ ಹಾಗಿಲ್ಲ?”

“ಹೇಳೋ ಹಾಗಿಲ್ಲ, ಅಷ್ಟೆ. ಏಳು ಸಲ ಹಚ್ಚಿದೀನಿ. ಇನ್ನೇನೂ ಕೇಳಬೇಡಿ.”

ಸುಳ್ಳಿಗೆ ಒಂದು ಸಂಖ್ಯೆ ಸೇರಿಸಿದರೆ ಅದರ ಮರ್ಯಾದೆಯೇ ಬೇರೆ. ಏಳು ಸಲ ಎಂದ ಕೂಡಲೇ ಅಲ್ಲಿದ್ದವರೆಲ್ಲ ಬಟ್ಟಲನ್ನು ಹೊಸದಾಗಿ ನೋಡಿದರು. ಸೂಪಕ್ಕನ ಮುಖ ಅರಳಿತು. “ನಂಗೂ ಹೇಳಿಲ್ಲ ಭಾವ ಇವರು. ಶೆಡ್ ಬಾಗಿಲು ಹಾಕ್ಕೊಂಡು ಅದೇನ್ ಮಾಡ್ತಿದ್ರೋ,” ಎಂದಳು. ಶೆಡ್ಡಿನ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಮರದ ಪುಡಿ ಒಗೆದ ಬಟ್ಟೆಗೆ ಹಾರದಿರಲೆಂದು. ಈಗ ಅದಕ್ಕೂ ಗುಟ್ಟಿನ ಬಣ್ಣ ಬಂತು.

ಷಡ್ಡಕನಿಗೆ ಮಾತ್ರ ಮೈಯೆಲ್ಲ ಉರಿಯಿತು. ತನ್ನ ಅಂಗಡಿಯಲ್ಲಿಲ್ಲದ ಮೆರುಗೆಣ್ಣೆ ಈ ಊರಲ್ಲಿ ಇನ್ನೆಲ್ಲಿಂದ ಬರಬೇಕು? ಬಂದರೂ ತಮ್ಮನಂಥ ಷಡ್ಡಕ ತನ್ನನ್ನು ಬಿಟ್ಟು ಬೇರೆಯವರ ಹತ್ತಿರ ಕೊಳ್ಳುವುದೇ? “ಏನ್ ಹಚ್ಚಿದಾರೆ ಅಂತ ಗೊತ್ತಿಲ್ಲದ ಪಾತ್ರೇಲಿ ನಾನು ಬಾಯಿಡಲ್ಲ,” ಎಂದು ಬಟ್ಟಲು ಕೆಳಗಿಟ್ಟ. ಬ್ರೆಡ್ಡನ್ನು ಒಣದಾಗಿ ತಿಂದು ಎದ್ದು ಹೋದ.

ಆವತ್ತು ಮೊದಲ ಬಟ್ಟಲು ಕುಡಿದವನು ನಾನೇ. ಸೂಪು ಸ್ವಲ್ಪ ಬೇಗ ಮುಗಿದಂತೆ ಅನ್ನಿಸಿತು. ಹಸಿವು ಜಾಸ್ತಿ ಇದ್ದಿರಬೇಕು ಎಂದುಕೊಂಡು ಇನ್ನೊಂದು ಹಾಕಿಸಿಕೊಂಡೆ.

ಮಾರನೆಯ ದಿನ ಹಾಗಲ್ಲಪ್ಪ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನನ್ನ ಅಂಗಡಿಗೆ ಬಂದ. ಸೊಂಟಕ್ಕೆ ಟೇಪು ಸುತ್ತಿದಾಗ ಜನ ನಿಜ ಹೇಳುತ್ತಾರೆ, ಟೇಪಿನ ಮುಂದೆ ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದಿರಬೇಕು. “ನಾನು ಆ ಬಟ್ಟಲಿಗೆ ಏನೂ ಹಚ್ಚಿಲ್ಲ ಮಾರಾಯ,” ಎಂದ.

“ಹಾಗಿದ್ರೆ ಹೆಂಡ್ತಿಗಾದ್ರೂ ಹೇಳು.”

“ಹೇಳೋಣ ಅಂತಾನೇ ಹೋದೆ. ಅವಳು ಪಕ್ಕದ ಮನೆಯವರ ಹತ್ತಿರ, ನಮ್ಮನೆಯವರು ಏಳು ಸಲ ಹಚ್ಚಿದಾರೆ ಅಂತ ಹೇಳ್ತಾ ನಿಂತಿದ್ಲು. ಮದುವೆ ಆದಾಗಿನಿಂದ ನನ್ನ ವಿಷಯ ಅಷ್ಟು ಹೆಮ್ಮೆಯಿಂದ ಹೇಳಿದ್ದು ಇದೇ ಮೊದಲು. ಏನಂತ ಹೇಳ್ಲಿ?”

ನಾನು ಟೇಪು ಬಿಚ್ಚಿಕೊಂಡೆ. ಎರಡು ಇಂಚು ಬಿಡಬೇಕಿತ್ತು.

ಇದಾದ ಮೇಲೆ ಗುಟ್ಟು ತನ್ನ ಪಾಡಿಗೆ ತಾನು ಬೆಳೆಯಿತು. ಮೊದಲು ಅದಕ್ಕೆ ಗೊಬ್ಬರ ಹಾಕಿದವರು ಬ್ಯಾಂಕಿನ ಮೇಡಂ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದೆ ಬ್ಯಾಂಕಿನ ಕೆಳಗಿನ ಕೌಂಟರಿನಲ್ಲೇ ಕೂತಿದ್ದವರು, ಒಂದು ವಾರ ಸೂಪು ಕುಡಿದ ಮೇಲೆ ಮೇಲಿನ ಮಹಡಿಗೆ ಹೋಗಿ ಮ್ಯಾನೇಜರಿಗೆ ಬೈದು ಬಂದರಂತೆ. ಸೂಪಿನಿಂದ ಇರಲಾರದು, ಮನೆಯಲ್ಲೂ ಸೂಪು ಮಾಡುತ್ತಾರೆ. ಅಂದ ಮೇಲೆ ಬಟ್ಟಲಿಗೆ ಹಚ್ಚಿದ್ದರಿಂದಲೇ ಇರಬೇಕು.

“ಒಂದು ಸಣ್ಣ ಬಾಟಲೀಲಿ ಕೊಡಿ ಸಾರ್,” ಎಂದು ಅವರು ಹಾಗಲ್ಲಪ್ಪನನ್ನು ಬೀದಿಯಲ್ಲೇ ಹಿಡಿದರು. “ಎಡಗಾಲಿಗೆ ನೇರವಾಗಿ ಹಚ್ಕೋತೀನಿ.”

ಏನೂ ಇಲ್ಲ ಎನ್ನಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು. ಹಾಗಲ್ಲಪ್ಪ ಗಂಭೀರವಾಗಿ, “ಹಾಗಲ್ಲ ಮೇಡಂ, ಸದ್ಯಕ್ಕೆ ಸ್ಟಾಕಿಲ್ಲ,” ಎಂದ.

ಈ ಸುದ್ದಿ ಷಡ್ಡಕನಿಗೆ ಮುಟ್ಟಿತು. ಅವನ ತರ್ಕ ಬಿಗಿಯಾಗಿತ್ತು. ಮೊಣಕಾಲು ನೋವು ಹೋಗಿದೆ ಎಂದರೆ ಅದರಲ್ಲಿ ಔಷಧಿ ಇದೆ. ಔಷಧಿ ಇದೆ ಎಂದರೆ ಕಾಯಿಲೆ ಇಲ್ಲದವರು ಕುಡಿಯಬಾರದು. ಕಾಯಿಲೆ ಇಲ್ಲದವರೂ ಕುಡಿಯುತ್ತಿದ್ದಾರೆ. ಆದ್ದರಿಂದ ವಿಷ. ಪೇಂಟ್ ಕೊಳ್ಳಲು ಬಂದವರಿಗೆಲ್ಲ ಇದನ್ನು ಅವನು ಡಬ್ಬ ಕಲಕುತ್ತ ವಿವರಿಸಿದ.

ಕೇಳಿದವರಲ್ಲಿ ದಿನವೂ ಸೂಪು ಕುಡಿಯುತ್ತಿದ್ದ ನಮ್ಮ ಬೀದಿಯ ಮೇಷ್ಟ್ರೂ ಒಬ್ಬರು. ವಿಜ್ಞಾನ ಕಲಿಸಿ ನಿವೃತ್ತರಾದವರು. ವಿಜ್ಞಾನ ಮಾತ್ರ ಇನ್ನೂ ಅವರಿಂದ ನಿವೃತ್ತಿ ಪಡೆದಿಲ್ಲ. ಅವರಿಗೆ ಆ ದಿನದಿಂದ ತೇಗು ಹತ್ತಿತು. ಸೂಪಿನಂಗಡಿಯ ಬಾಗಿಲಲ್ಲಿ ನಿಂತು ಒಂದು ತೇಗು ತೇಗಿ, “ನೋಡಿದ್ರಾ? ಜೇನಿನ ವಾಸನೆ. ಸೂಪಿಗೆ ಜೇನು ಎಲ್ಲಿಂದ ಬಂತು? ಇದು ರಾಸಾಯನಿಕ,” ಎಂದು ಒಳಗಿದ್ದವರಿಗೆಲ್ಲ ಹೇಳುತ್ತಿದ್ದರು. ಮೇಷ್ಟ್ರ ತೇಗನ್ನು ಹತ್ತಿರ ಹೋಗಿ ಪರೀಕ್ಷಿಸುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಅದು ಸತ್ಯವಾಗಿಯೇ ಉಳಿಯಿತು.

ಗಿರಾಕಿಗಳು ಎರಡು ಪಂಗಡವಾದರು. ಮೈಕೈ ನೋವಿದ್ದವರು ದೂರದೂರದಿಂದ ಬರತೊಡಗಿದರು. ನೆಟ್ಟಗಿದ್ದವರು ಬರುವುದು ಬಿಟ್ಟರು. ಸೂಪಿನಂಗಡಿ ನೋಡಲು ಆಸ್ಪತ್ರೆಯ ಹೊರಕೋಣೆಯಂತಾಯಿತು. ಕುಂಟುತ್ತ ಬಂದವರು ಬಟ್ಟಲನ್ನು ಬೆರಳಿನಿಂದ ಒರೆಸಿ ಬೆರಳನ್ನು ಮಂಡಿಗೆ ಒರೆಸಿಕೊಳ್ಳುತ್ತಿದ್ದರು. ಸೂಪಕ್ಕನ ಮುಖದ ಹೆಮ್ಮೆ ಇಳಿಯಿತು. ಮಧ್ಯಾಹ್ನ ಗಂಡ ಕಚೇರಿಯಲ್ಲಿರುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದಳು. ಬೇಜಾರಿಗೆ ಮಲಗುತ್ತಾಳೆ ಪಾಪ ಎಂದು ನಾನು ಅಂದುಕೊಂಡೆ.

ಕೊನೆಗೆ ಯಾರೋ ದೂರು ಕೊಟ್ಟರು. ಯಾರೆಂದು ನನಗೆ ಗೊತ್ತಿಲ್ಲ. ದೂರು ಕೊಟ್ಟವರು ತಮ್ಮ ಅಂಗಡಿಯ ಬಣ್ಣ ಮೆತ್ತಿದ ಕೈಯಲ್ಲೇ ಫೋನು ಹಿಡಿದಿದ್ದರೆಂದು ಮಾತ್ರ ಕೇಳಿದೆ.

ಹೆಲ್ತ್ ಇನ್‌ಸ್ಪೆಕ್ಟರ್ ಬಂದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಊರಿನ ಎಲ್ಲ ಅಡುಗೆಮನೆಗಳ ಒಳಗನ್ನು ನೋಡಿದ್ದರಿಂದ ಅವರು ಹೊರಗಡೆ ಏನೂ ತಿನ್ನುತ್ತಿರಲಿಲ್ಲ. ಕೈಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಂಡಿರುತ್ತಿದ್ದರು. ಅದನ್ನೂ ತಾವೇ ಸುಲಿಯಬೇಕು.

“ಆಹಾರ ತಾಗೋ ಪಾತ್ರೆಗೆ ಏನ್ ಹಚ್ಚಿದೀರಿ ಅಂತ ನಮಗೆ ಗೊತ್ತಾಗಬೇಕು,” ಎಂದರು. “ಹಚ್ಚೋದು ತಪ್ಪಲ್ಲ. ಎಷ್ಟೋ ಮೆರುಗೆಣ್ಣೆಗಳು ಪೂರ್ತಿ ಒಣಗಿದ ಮೇಲೆ ತೊಂದರೆ ಕೊಡಲ್ಲ, ಒಣಗೋಕೆ ಮುಂಚೆ ಕೊಡತ್ತೆ. ಕೆಲವು ಯಾವತ್ತೂ ಬೇಡ. ಅದಕ್ಕೇ ಹೆಸರು ಬೇಕು. ನಾಳೆ ಬರ್ತೀನಿ, ಹಚ್ಚಿದ್ದನ್ನ ತಂದು ತೋರಿಸಿ. ತೋರಿಸಲ್ಲ ಅಂದ್ರೆ ಅಂಗಡಿಗೆ ಬೀಗ.”

“ಹಾಗಲ್ಲ ಸಾರ್...” ಎಂದು ಹಾಗಲ್ಲಪ್ಪ ಶುರುಮಾಡಿದ. ಅವರು ಆಗಲೇ ಬೀದಿಯಲ್ಲಿದ್ದರು.

ಅವರು ಹೋದದ್ದೇ ತಡ, ಹಾಗಲ್ಲಪ್ಪ ನನ್ನ ಅಂಗಡಿಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದ. ಷಡ್ಡಕನ ಅಂಗಡಿಯಿಂದಲೇ ಯಾವುದಾದರೂ ಒಂದು ಡಬ್ಬ ತಂದು, ಇದೇ ಅದು ಎಂದು ತೋರಿಸಿದರೆ ಹೇಗೆ ಎಂದು ಕೇಳಿದ. ಆ ಡಬ್ಬದ ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ ಎಂದು ನಾನು ನೆನಪಿಸಿದೆ. ಜೇನುತುಪ್ಪ ತೋರಿಸಲೇ ಎಂದ. ಇರುವೆ ಯಾಕೆ ಬಂದಿಲ್ಲ ಎಂದು ಇನ್‌ಸ್ಪೆಕ್ಟರ್ ಕೇಳಿದರೆ ಏನು ಹೇಳುತ್ತೀಯ ಎಂದೆ.

“ನಿಜ ಹೇಳಿಬಿಡು,” ಎಂದೆ ಕೊನೆಗೆ.

“ನಿಜ ಹೇಳಿದ್ರೆ ಮಾನ ಹೋಗತ್ತೆ.”

“ಹೇಳದಿದ್ರೆ ಅಂಗಡಿ ಹೋಗತ್ತೆ. ಅದು ಅವಳ ಅಂಗಡಿ, ಮಾನ ನಿನ್ನದು. ನೀನೇ ಲೆಕ್ಕ ಹಾಕು.”

ಅವನು ನೆಲದ ಮೇಲೆ ಬಿದ್ದಿದ್ದ ಬಟ್ಟೆಚೂರುಗಳನ್ನು ಕಾಲಿನಿಂದ ಗುಡ್ಡೆಮಾಡತೊಡಗಿದ. ನನಗೆ ಆ ಹೊತ್ತಿಗೆ ಅವನ ಮೇಲೆ ನಿಜವಾಗಿಯೂ ಕನಿಕರವಾಯಿತು. ಹೊಲಿಯುತ್ತಿದ್ದ ತೋಳನ್ನು ತಿರುಗುಮುರುಗಾಗಿ ಹೊಲಿದೆ.

ಮಾರನೆಯ ದಿನ ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಬೀದಿಯೇ ಸೂಪಿನಂಗಡಿಯಲ್ಲಿತ್ತು. ಷಡ್ಡಕ ಅಂಗಡಿಗೆ ರಜೆ ಹಾಕಿ ಬಂದಿದ್ದ. ಬ್ಯಾಂಕಿನ ಮೇಡಂ ಖಾಲಿ ಬಾಟಲಿಯೊಂದಿಗೆ ಬಂದಿದ್ದರು. ಮೇಷ್ಟ್ರು ತೇಗುತ್ತಿದ್ದರು. ನಾನು ಒಂದು ಕುಂಬಳಕಾಯಿ ಸೂಪು ಹೇಳಿ ಒಳ್ಳೆಯ ಜಾಗ ಹಿಡಿದು ಕೂತಿದ್ದೆ.

ಹಾಗಲ್ಲಪ್ಪ ಎದ್ದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಹೆಂಡತಿಯ ಕಡೆ ನೋಡದೆ, ಗೋಡೆಯ ಕಡೆ ನೋಡುತ್ತ, “ಸಾರ್, ನಾನು ಈ ಬಟ್ಟಲುಗಳಿಗೆ ಏನೂ ಹಚ್ಚಿಲ್ಲ. ಏಳು ಸಲ ಅಂದಿದ್ದು ಸುಳ್ಳು. ಹಚ್ಚಬೇಕು ಅಂತಾನೇ ನಂಗೆ ಗೊತ್ತಿರಲಿಲ್ಲ,” ಎಂದ.

ನಾಲ್ಕು ಜನರ ಮುಂದೆ ಅವನು ‘ಹಾಗಲ್ಲ’ ಎನ್ನದೆ ಶುರುಮಾಡಿದ ಮೊದಲ ಮಾತು ಅದು. ಒಬ್ಬರೂ ನಂಬಲಿಲ್ಲ.

“ಏನೂ ಹಚ್ಚಿಲ್ಲ ಅಂದ್ರೆ ನನ್ನ ಮೊಣಕಾಲು ಸುಳ್ಳಾ?” ಎಂದರು ಬ್ಯಾಂಕಿನ ಮೇಡಂ.

“ನನ್ನ ತೇಗು ಸುಳ್ಳೇನ್ರೀ?” ಎಂದರು ಮೇಷ್ಟ್ರು.

“ನೋಡಿ ಸಾರ್ ಎಂಥಾ ಕಿಲಾಡಿ,” ಎಂದ ಷಡ್ಡಕ. “ಸಿಕ್ಕಿಬಿದ್ದ ಮೇಲೆ ಏನೂ ಹಚ್ಚೇ ಇಲ್ಲ ಅಂತಾನೆ. ಮೂವತ್ತು ವರ್ಷದಿಂದ ಮೆರುಗು ಮಾರ್ತಿದೀನಿ. ಇದಕ್ಕೆ ಹಚ್ಚಿದಾರೆ. ಕೈಗೆ ಗೊತ್ತಾಗತ್ತೆ.”

ಸೂಪಕ್ಕ ಮಾತ್ರ ಸೌಟು ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು. ಮುಖದ ಬಣ್ಣ ಹೋಗಿತ್ತು.

ಇನ್‌ಸ್ಪೆಕ್ಟರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಇದು ಸುಲಭ,” ಎಂದರು. “ಏನೂ ಹಚ್ಚಿಲ್ಲ ಅಂದ್ರೆ ಬಿಸಿ ಸೂಪು ಹಾಕಿದ್ರೆ ಮರ ಕುಡಿಯತ್ತೆ, ತಳ ಒದ್ದೆ ಆಗತ್ತೆ. ಹಾಗಾದ್ರೆ ಇವರು ಹೇಳ್ತಿರೋದು ನಿಜ. ಬಟ್ಟಲು ಮಾತ್ರ ಜಪ್ತಿ ಮಾಡ್ತೀನಿ, ಯಾಕಂದ್ರೆ ಕುಡಿದ ಸೂಪು ಮರದೊಳಗೇ ಇದ್ದು ಹಳಸತ್ತೆ. ಅಂಗಡಿ ನಡೀಲಿ, ನಾಳೆಯಿಂದ ಸ್ಟೀಲಿನ ಬಟ್ಟಲಲ್ಲಿ ಕೊಡಿ. ಸೋರಲಿಲ್ಲ ಅಂದ್ರೆ ಏನೋ ಹಚ್ಚಿ ಮುಚ್ಚಿಡ್ತಿದೀರಿ ಅಂತ ಅರ್ಥ. ಆಗ ಬೀಗ.”

ಅಲ್ಲಿಗೆ ಲೋಕದಲ್ಲಿ ಎಲ್ಲೂ ನಡೆಯದಂಥ ಒಂದು ಪರೀಕ್ಷೆ ನಮ್ಮ ಬೀದಿಯಲ್ಲಿ ನಡೆಯಿತು. ತಾನೇ ಕಡೆದ ಬಟ್ಟಲು ಸೋರಲಿ ಎಂದು ಕಡೆದವನೇ ಬೇಡಿಕೊಳ್ಳಬೇಕು.

“ಬೇಡ ರೀ,” ಎಂದಳು ಸೂಪಕ್ಕ ಸಣ್ಣ ದನಿಯಲ್ಲಿ.

“ನೀನು ಸುಮ್ನಿರು. ಸೋರತ್ತೆ. ಬಟ್ಟಲು ಹೋದ್ರೆ ಹೋಗ್ಲಿ,” ಎಂದ ಹಾಗಲ್ಲಪ್ಪ.

“ಅದಲ್ಲ ರೀ...”

“ಸುಮ್ನಿರು ಅಂದೆ.”

ಇನ್‌ಸ್ಪೆಕ್ಟರ್ ತಮ್ಮ ಬಿಳಿ ಕರವಸ್ತ್ರವನ್ನು ಮೇಜಿನ ಮೇಲೆ ಹಾಸಿದರು. ಅದರ ಮೇಲೆ ಬಟ್ಟಲು ಇಟ್ಟು ತಾವೇ ಬಟಾಣಿ ಸೂಪು ಸುರಿದರು. ಎಲ್ಲರೂ ಬಗ್ಗಿ ನೋಡಿದರು. ಮರದೊಳಗಿನ ಸಣ್ಣ ಕೊಳವೆಗಳ ಬಗ್ಗೆ ಮೇಷ್ಟ್ರು ಒಂದು ಪಾಠ ಮಾಡಿ ಮುಗಿಸಿದರು. ಕೇಳಿದವರಿಲ್ಲದ್ದರಿಂದ ಇನ್ನೊಂದು ಸಲ ಮಾಡಿದರು. ಸೂಪಿನ ಮೇಲೆ ಕೆನೆ ಕಟ್ಟಿತು. ನನ್ನ ಸೂಪು ಕೈಯಲ್ಲೇ ಆರಿತು.

ಇನ್‌ಸ್ಪೆಕ್ಟರ್ ಬಟ್ಟಲನ್ನು ಎತ್ತಿದರು. ಕರವಸ್ತ್ರ ಆಗ ತಾನೇ ಒಗೆದು ತಂದಷ್ಟು ಒಣಗಿತ್ತು.

ಹಾಗಲ್ಲಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. “ಇದೊಂದು... ಇದೊಂದು ಮರ ಗಟ್ಟಿ ಸಾರ್. ಬೇರೆದು ನೋಡಿ,” ಎಂದು ತಾನೇ ಓಡಿ ಇನ್ನೊಂದು ತಂದ. ಅದೂ ಸೋರಲಿಲ್ಲ. ಬಿಸಿ ಸಾಲದೆಂದು ಕುದಿಯುವ ಸೂಪು ಹಾಕಿಸಿದ. ಸೋರಲಿಲ್ಲ. ಒಂದರ ತಳದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಆಹಾ ಎಂದು ಅದನ್ನು ಎತ್ತಿಕೊಂಡು ಬಂದ. ಅದೂ ಮಾತು ಕೇಳಲಿಲ್ಲ. ಅಷ್ಟೂ ಮೇಜುಗಳ ಮೇಲೆ ಬಟ್ಟಲು ಸಾಲು ನಿಂತಿತು. ಹಾಗಲ್ಲಪ್ಪ ಒಂದೊಂದರ ಮುಂದೂ ಬಗ್ಗಿ, “ಸೋರೋ ಮಾರಾಯ, ಒಂದು ಹನಿ ಸೋರು,” ಎಂದು ಗೋಗರೆಯುತ್ತಿದ್ದ. ಅಷ್ಟು ಒಳ್ಳೆಯ ಬಟ್ಟಲುಗಳನ್ನು ಕಡೆದ ಮನುಷ್ಯ ಅಷ್ಟು ದುಃಖಪಟ್ಟದ್ದನ್ನು ನಾನು ಕಂಡಿಲ್ಲ.

“ಏಳು ಸಲ,” ಎಂದ ಷಡ್ಡಕ, ಎಲ್ಲರಿಗೂ ಕೇಳುವ ಹಾಗೆ. “ಬಡ್ಡೀಮಗ ಏಳು ಸಲಾನೇ ಹಚ್ಚಿದಾನೆ.”

ಇನ್‌ಸ್ಪೆಕ್ಟರ್ ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡರು. ಕೈಚೀಲದಿಂದ ಬೀಗ ತೆಗೆದರು. “ಎಲ್ಲಾರೂ ಆಚೆ ಬನ್ನಿ,” ಎಂದರು.

ಹಾಗಲ್ಲಪ್ಪ ಬಾಗಿಲಿಗೆ ಅಡ್ಡ ನಿಂತ. “ಸಾರ್, ಇದು ನನ್ನ ಅಂಗಡಿಯಲ್ಲ. ಇವಳದ್ದು. ಇವಳಿಗೆ ಏನೂ ಗೊತ್ತಿಲ್ಲ. ನನಗೆ ಏನು ಬೇಕಾದ್ರೂ ಮಾಡಿ, ಬೀಗ ಹಾಕ್ಬೇಡಿ.” ತಮಾಷೆ ನೋಡಲು ಬಂದ ನಾವೆಲ್ಲ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು.

ಆಗ ಸೂಪಕ್ಕ ಸೌಟನ್ನು ಕೆಳಗಿಟ್ಟಳು.

“ಹಚ್ಚಿದ್ದು ನಾನು,” ಎಂದಳು.

ಒಳಗೆ ಹೋಗಿ, ಒಲೆಯ ಹಿಂದಿನ ಗೂಡಿನಿಂದ ಒಂದು ಜಾಡಿ ತಂದು ಮೇಜಿನ ಮೇಲಿಟ್ಟಳು. ಹಳದಿ ಬಣ್ಣದ, ಬೆಣ್ಣೆಯಷ್ಟು ಗಟ್ಟಿಯಾದ ಏನೋ ಒಂದು. ಮುಚ್ಚಳ ತೆಗೆದ ಕೂಡಲೇ ಜೇನಿನ ವಾಸನೆ ಬಂತು. ಮೇಷ್ಟ್ರು ಗೆದ್ದವರಂತೆ ಸುತ್ತ ನೋಡಿದರು.

“ಗಾಣದಿಂದ ತಂದ ಅಗಸೆ ಎಣ್ಣೆ ಸಾರ್, ನಾವು ತಿನ್ನೋದೇ. ಅದಕ್ಕೆ ಜೇನುಮೇಣ ಹಾಕಿ ಕರಗಿಸಿದ್ದು. ನಮ್ಮಮ್ಮ ಮನೇಲಿ ಮರದ ಸೌಟಿಗೆ, ಹಿಟ್ಟು ನಾದೋ ಹಲಗೆಗೆ ಇದನ್ನೇ ಹಚ್ತಿದ್ರು. ಅಂಗಡಿ ತೆಗೆದ ದಿನಾನೇ ಬಟ್ಟಲು ಸೂಪು ಕುಡೀತು. ಮೇಜೆಲ್ಲ ಒದ್ದೆ. ಆವತ್ತಿನಿಂದ ದಿನಾ ಮಧ್ಯಾಹ್ನ ತೊಳೆದು ಒಣಗಿಸಿ ಹಚ್ತಿದೀನಿ.”

“ಅಗಸೆ ಎಣ್ಣೇನಾ?” ಷಡ್ಡಕನಿಗೆ ಮತ್ತೆ ಜೀವ ಬಂತು. “ಅದು ನನ್ನಂಗಡೀಲೂ ಇದೆ ಸಾರ್. ಡಬ್ಬದ ಮೇಲೇ ಬರೆದಿದೆ, ಸೇವಿಸಬಾರದು ಅಂತ.”

“ನಿಮ್ಮ ಅಂಗಡಿ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರ್ತಾರೆ. ಬಾಗಿಲಿಗೆ ಹಚ್ಚೋದು ಅದು,” ಎಂದರು ಇನ್‌ಸ್ಪೆಕ್ಟರ್, ಅವನ ಕಡೆ ತಿರುಗದೆ. “ಇದು ಅಡುಗೆಮನೆ ಎಣ್ಣೆ. ಎರಡೂ ಒಂದೇ ಅಲ್ಲ.”

ಜಾಡಿಯನ್ನು ಮೂಗಿಗೆ ಹಿಡಿದರು. ಬೆಳಕಿಗೆ ಹಿಡಿದರು. ಆಮೇಲೆ, ಹೊರಗಡೆ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟದ ಆ ಮನುಷ್ಯ, ಕಿರುಬೆರಳಿನ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡರು. ಅವರು ಸ್ವಲ್ಪ ಹೊತ್ತು ಚಪ್ಪರಿಸಿದರು.

“ಜಾಡಿ ಮೇಲೆ ಏನಿದೆ ಅಂತ ಬರೆದು ಅಂಟಿಸಿ. ತುಂಬ ದಿನ ಇಡಬೇಡಿ, ಆಗಾಗ ಹೊಸದು ಮಾಡಿ,” ಎಂದರು. ಬೀಗ ಕೈಚೀಲಕ್ಕೆ ಹೋಯಿತು. “ಇದನ್ನ ನಿನ್ನೇನೇ ಯಾಕಮ್ಮ ಹೇಳಲಿಲ್ಲ?”

ಸೂಪಕ್ಕ ಒಂದು ಸಲ ಗಂಡನ ಕಡೆ ನೋಡಿ, “ಇವರೇ ಹೇಳಿಕೊಟ್ಟಿದ್ದು ಸಾರ್,” ಎಂದಳು.

“ಇಲ್ಲ,” ಎಂದ ಹಾಗಲ್ಲಪ್ಪ. “ನಂಗೆ ಇದು ಗೊತ್ತೇ ಇರಲಿಲ್ಲ. ಎಲ್ಲ ಇವಳದ್ದೇ.”

ಇದನ್ನೂ ಯಾರೂ ನಂಬಲಿಲ್ಲ. ಹೆಂಡತಿಗೆ ಹೆಸರು ಬರಲೆಂದು ತನ್ನ ವಿದ್ಯೆಯನ್ನೇ ಬಿಟ್ಟುಕೊಟ್ಟ ಗಂಡ ಎಂದು ಬ್ಯಾಂಕಿನ ಮೇಡಂ ಕಣ್ಣೊರೆಸಿಕೊಂಡರು. ಇಂಥ ವಿನಯ ಈಗಿನ ಕಾಲದಲ್ಲಿ ಅಪರೂಪ ಎಂದರು ಮೇಷ್ಟ್ರು. ಅವರ ತೇಗು ನಿಂತಿತ್ತು. ಷಡ್ಡಕ ಹೋಗುವಾಗ ಹಾಗಲ್ಲಪ್ಪನನ್ನು ಬಾಗಿಲ ಮರೆಗೆ ಎಳೆದು, “ನನಗಾದ್ರೂ ನಿಜ ಹೇಳು. ಇದರ ಕೆಳಗೆ ನೀನು ಹಚ್ಚಿರೋದು ಏನು?” ಎಂದು ಪಿಸುಗುಟ್ಟಿದ. ಏನೂ ಇಲ್ಲ ಭಾವ ಎಂದದ್ದಕ್ಕೆ, “ನಮ್ಮವರು ಅನ್ನೋ ಅಭಿಮಾನ ನಿನಗಿಲ್ಲ,” ಎಂದು ಮುನಿಸಿಕೊಂಡು ಹೋದ. ಈ ಹೊತ್ತಿಗೂ ಅವರಿಬ್ಬರಿಗೆ ಮಾತಿಲ್ಲ.

ಎಲ್ಲರೂ ಹೋದ ಮೇಲೂ ನಾನು ಅಲ್ಲೇ ಇದ್ದೆ. ಸೂಪು ಪೂರ್ತಿ ಮುಗಿಸದೆ ಏಳುವುದು ಸಭ್ಯತೆಯಲ್ಲ. ಅವರಿಬ್ಬರೂ ನನ್ನನ್ನು ಮೇಜು ಕುರ್ಚಿಗಳ ಲೆಕ್ಕಕ್ಕೆ ಸೇರಿಸಿ ಮಾತಿಗೆ ಕೂತರು.

“ನಿಜವಾಗ್ಲೂ ಏನೂ ಹಚ್ಚಿರಲಿಲ್ವಾ?” ಎಂದಳು ಸೂಪಕ್ಕ.

“ಇಲ್ಲ.”

“ಮತ್ತೆ ಏಳು ಸಲ ಅಂದ್ರಿ?”

“ಬಾಯಿಗೆ ಬಂತು.”

ಆಕೆ ಜಾಡಿಯನ್ನು ಹತ್ತಿರ ಎಳೆದುಕೊಂಡು, “ಅಷ್ಟು ಕಷ್ಟಪಟ್ಟು ಹಚ್ಚಿದಾರೆ, ಆದ್ರೂ ಸೋರ್ತಿದೆ, ಗೊತ್ತಾದ್ರೆ ಕುಗ್ಗಿಹೋಗ್ತಾರೆ ಅಂತ ನಾನು ದಿನಾ ಬಾಗಿಲು ಹಾಕ್ಕೊಂಡು ಕಳ್ಳಿ ಹಾಗೆ ಹಚ್ಚಿದ್ದು ರೀ. ಬೀಗ ಹಾಕೋಕೆ ಬಂದ್ರೂ ಬಾಯಿ ಬರಲಿಲ್ಲ. ನಾನು ಹೇಳಿದ್ರೆ ನಿಮ್ಮ ಕೆಲಸ ಕೆಟ್ಟದ್ದು ಅಂತ ಊರಿಗೆಲ್ಲ ಗೊತ್ತಾಗ್ತಿತ್ತು,” ಎಂದಳು.

ಹಾಗಲ್ಲಪ್ಪ ಎದ್ದು ಮೇಜಿನ ಮೇಲಿದ್ದ ಬಟ್ಟಲುಗಳನ್ನೆಲ್ಲ ಒಳಗೆ ಒಯ್ದು ತೊಳೆದ. ಒರೆಸಿ ತಂದು ಸಾಲಾಗಿ ಇಟ್ಟ. ಅವನು ತಾನಾಗಿ ಪಾತ್ರೆ ತೊಳೆದದ್ದು ನಾನು ನೋಡಿದ ಮಟ್ಟಿಗೆ ಅದೇ ಮೊದಲು. ಜಾಡಿಯ ಮುಂದೆ ಕೂತು ಬಟ್ಟೆಯ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು ಹೆಂಡತಿಯ ಮುಖ ನೋಡಿದ.

“ಎಷ್ಟು ಸಲ ಹಚ್ಚಬೇಕು?” ಎಂದು ಕೇಳಿದ.

“ಲೆಕ್ಕ ಏನಿಲ್ಲ,” ಎಂದಳು ಸೂಪಕ್ಕ, ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು. “ಮರ ಸಾಕು ಅನ್ನೋವರೆಗೆ.”